ಮನೆವಾರ್ತೆಯ ವಿದ್ಯೆ ಮತ್ತು ಸ್ವಾವಲಂಬನೆ

ಆಷಾಢ ಶುದ್ಧ ಏಕಾದಶಿ ಸಮೀಪಿಸಿತೆಂದರೆ ನಮ್ಮ ಮನೆಗಳಲ್ಲಿ ಚಾತುರ್ಮಾಸ್ಯದ ಮಾತು ಮೊದಲಾಗುತ್ತದೆ. ಮೊದಲನೆಯ ತಿಂಗಳು ಶಾಕವ್ರತ, ಎರಡನೆಯದು ದಧಿವ್ರತ, ಮೂರನೆಯದು ಕ್ಷೀರವ್ರತ, ನಾಲ್ಕನೆಯದು ದ್ವಿದಳವ್ರತ ಎಂಬ ಕ್ರಮವು ಮಾಧ್ವಕುಟುಂಬಗಳ ಮಕ್ಕಳಿಗೂ ತಿಳಿದಿರುವುದೇ. ಯಾವ ತಿಂಗಳಲ್ಲಿ ಯಾವುದು ನಿಷಿದ್ಧ, ಯಾವುದು ನಡೆಯುತ್ತದೆ ಎಂದು ದೇವಸ್ಥಾನಕ್ಕೆ ಬಂದು ವಿಚಾರಿಸುವವರು ಪ್ರತಿವರ್ಷವೂ ಅನೇಕರಿರುತ್ತಾರೆ. ಕಳೆದ ವರ್ಷ ಇಂದಿರಾನಗರದ ಕಡೆಯ ಗೃಹಸ್ಥರೊಬ್ಬರು ನಮ್ಮ ತೀರ್ಥರೂಪರನ್ನು ಕೇಳಿದ ಪ್ರಶ್ನೆ ಮಾತ್ರ ಬೇರೆ ರೀತಿಯದಾಗಿತ್ತು. “ಏನನ್ನು ಬಿಡಬೇಕೆಂಬುದು ಪಟ್ಟಿಯಲ್ಲಿದೆ, ಆಚಾರ್ಯರೇ. ಬಿಟ್ಟ ಮೇಲೆ ಅಡಿಗೆ ಮಾಡುವುದು ಹೇಗೆ? ನಮ್ಮ ಮನೆಯಲ್ಲಿ ಅದು ಗೊತ್ತಿದ್ದವರು ನಮ್ಮ ತಾಯಿಯೊಬ್ಬರೇ. ಅವರು ಈಗಿಲ್ಲ” ಎಂದು ಅವರು ಹೇಳಿದರು.

ಆ ಮಾತು ಅಂದಿನಿಂದ ನನ್ನ ಮನಸ್ಸಿನಲ್ಲಿ ನಿಂತಿದೆ. ವ್ರತದ ವಿಧಿಯು ಗ್ರಂಥದಲ್ಲಿ ಉಳಿಯುತ್ತದೆ, ಪಂಚಾಂಗದಲ್ಲಿ ಅಚ್ಚಾಗುತ್ತದೆ. ಆದರೆ ಹುಣಿಸೆಯಿಲ್ಲದ ಸಾರಿಗೆ ಒಣ ಮಾವಿನಕಾಯಿಯಿಂದ ಹುಳಿ ತರುವ ಹದ, ಮೆಣಸಿನಕಾಯಿಯ ಸ್ಥಾನದಲ್ಲಿ ಕಾಳುಮೆಣಸನ್ನು ಹಾಕುವ ಅಳತೆ, ದ್ವಾದಶಿಯ ಬೆಳಗ್ಗೆ ಹೊತ್ತಿಗೆ ಮುಂಚೆ ಎಲೆ ಹಾಕಿ ಬಡಿಸುವ ಚಾಕಚಕ್ಯತೆ, ಇವು ಯಾವ ಪಂಚಾಂಗದಲ್ಲಿಯೂ ಅಚ್ಚಾಗುವುದಿಲ್ಲ. ಇವು ಇರುವುದು ಕೈಯಲ್ಲಿ. ಕಲಿಸದೆ ಕೈ ನಿಂತುಹೋದರೆ ವಿದ್ಯೆಯೂ ನಿಂತುಹೋಗುತ್ತದೆ. ಹಾಗಾದರೆ ಈ ಮನೆವಾರ್ತೆಯ ವಿದ್ಯೆಯನ್ನು ಕಲಿಯುವುದು ಧರ್ಮದ ಭಾಗವೇ, ಅಥವಾ ಕೇವಲ ಅನುಕೂಲದ ವಿಷಯವೇ? ತನ್ನ ಕೆಲಸವನ್ನು ತಾನೇ ಮಾಡಿಕೊಂಡು ಸರಳವಾಗಿ ಬದುಕುವವನು ನಿಜವಾಗಿಯೂ ಸ್ವಾವಲಂಬಿಯಾಗುತ್ತಾನೆಯೇ? ಜೀವನು ಅಸ್ವತಂತ್ರನೆಂದು ಒಪ್ಪಿರುವ ನಮಗೆ ಸ್ವಾವಲಂಬನೆಯೆಂಬ ಶಬ್ದವನ್ನು ಉಪಯೋಗಿಸುವ ಅಧಿಕಾರವಾದರೂ ಉಂಟೇ? ಈ ಪ್ರಶ್ನೆಗಳನ್ನು ಪ್ರಕೃತ ಲೇಖನದಲ್ಲಿ ಯಥಾಮತಿ ವಿಚಾರಮಾಡಲು ಅಪೇಕ್ಷಿಸುತ್ತೇನೆ. ಮೊದಲಿಗೆ ಸ್ವಾನುಭವದ ಒಂದು ಸಂಗತಿಯನ್ನು ನಿವೇದಿಸುವುದು ಅವಶ್ಯಕ. ನನ್ನ ವಿಚಾರ ಹುಟ್ಟಿದ್ದು ಅಲ್ಲಿಂದಲೇ.

2020ನೆಯ ಇಸವಿ ಮಾರ್ಚ್ 25ರಿಂದ ದೇಶವೆಲ್ಲವೂ ಬಾಗಿಲು ಹಾಕಿಕೊಂಡು ಕುಳಿತ ದಿನಗಳನ್ನು ಯಾರೂ ಮರೆತಿಲ್ಲ. ಹಲಸೂರಿನ ನಮ್ಮ ಬೀದಿಯಲ್ಲಿ ಹಾಲಿನ ಬೂತೊಂದು ಬೆಳಗ್ಗೆ ಸ್ವಲ್ಪ ಹೊತ್ತು ತೆರೆದಿರುತ್ತಿತ್ತು. ದೇವಸ್ಥಾನದಲ್ಲಿ ಭಕ್ತರಿಗೆ ಪ್ರವೇಶವಿರಲಿಲ್ಲ. ಒಳಗೆ ನಿತ್ಯಪೂಜೆ ಮಾತ್ರ ನಡೆಯುತ್ತಿತ್ತು. ನನ್ನ ಧರ್ಮಪತ್ನಿಯು ಮಗುವಿನೊಡನೆ ಧಾರವಾಡದ ತವರಿಗೆ ಹೋದವಳು ಬಸ್ಸು ರೈಲುಗಳಿಲ್ಲದೆ ಅಲ್ಲಿಯೇ ಉಳಿದಳು. ಹೀಗಿರುವಾಗ ಏಪ್ರಿಲ್ ತಿಂಗಳ ಒಂದು ಬೆಳಗ್ಗೆ ನಮ್ಮ ಮಾತೃಶ್ರೀಯವರು ಬಚ್ಚಲಿನ ಬಳಿ ಜಾರಿಬಿದ್ದು ಬಲಗೈಯ ಮಣಿಕಟ್ಟನ್ನು ಮುರಿದುಕೊಂಡರು. ವೈದ್ಯರು ಪ್ಲಾಸ್ಟರ್ ಹಾಕಿ, ಆರು ವಾರ ಆ ಕೈಯಿಂದ ಏನನ್ನೂ ಎತ್ತಕೂಡದೆಂದು ಹೇಳಿದರು. ಕೆಲಸದವರು ಬರುವಂತಿರಲಿಲ್ಲ. ಮನೆಯಲ್ಲಿ ಉಳಿದವರು ಇಬ್ಬರು ಗಂಡಸರು, ನಮ್ಮ ತೀರ್ಥರೂಪರು ಮತ್ತು ನಾನು.

ನಾಚಿಕೆಯ ಸಂಗತಿಯೆಂದರೆ, ನಾವಿಬ್ಬರೂ ಕೆಲಸವನ್ನೇ ಅರಿಯದವರಲ್ಲ. ತೀರ್ಥರೂಪರು ಮೂವತ್ತು ವರ್ಷಗಳಿಗೂ ಮಿಕ್ಕಿ ಮಡಿಯಲ್ಲಿ ನಿಂತು ದೇವರ ನೈವೇದ್ಯಕ್ಕೆ ಅಡಿಗೆ ಮಾಡಿದವರು. ಆರಾಧನೆಯ ದಿನ ನೂರಾರು ಎಲೆಗೆ ಬೇಕಾದ ಹುಳಿಯನ್ನು ರುಚಿ ನೋಡದೆಯೇ ಹದಮಾಡಬಲ್ಲವರು. ನಾನಾದರೋ ಪಾಠಶಾಲೆಯಲ್ಲಿ ಇದ್ದಷ್ಟು ವರ್ಷವೂ ನನ್ನ ಪಂಚೆಯನ್ನು ನಾನೇ ಒಗೆದೆ, ನೀರು ಸೇದಿದೆ, ಗಂಧ ತೇಯ್ದೆ, ಹೂಬತ್ತಿ ಹೊಸೆದೆ, ಪಂಕ್ತಿಯಲ್ಲಿ ಬಡಿಸಿದೆ, ಎಂಜಲು ತೆಗೆದು ಗೋಮಯ ಹಚ್ಚಿದೆ. ಆದರೆ ಕಾಲೇಜು ಸೇರಿ ಬಿ.ಎ. ಮುಗಿಸಿ ಕಛೇರಿಯ ಕೆಲಸಕ್ಕೆ ಹೋಗಲಾರಂಭಿಸಿದ ಮೇಲೆ ಆ ಕೈಗಳೇ ನನ್ನವಲ್ಲವೆಂಬಂತೆ ಆಯಿತು. ದೇವರ ಮನೆಯಲ್ಲಿ ಮಾಡಿದರೆ ಸೇವೆ, ಸ್ವಂತ ಮನೆಯಲ್ಲಿ ಮಾಡಿದರೆ ಹೆಂಗಸರ ಕೆಲಸ ಎಂಬ ಭೇದವನ್ನು ನಮ್ಮಿಬ್ಬರಿಗೂ ಯಾರೂ ಬೋಧಿಸಿರಲಿಲ್ಲ. ಆದರೂ ಅದನ್ನು ನಾವು ಚೆನ್ನಾಗಿ ಕಲಿತಿದ್ದೆವು. ನಮ್ಮ ಪಂಚಭೇದಗಳಲ್ಲಿ ಈ ಆರನೆಯದು ಎಲ್ಲಿಂದ ಬಂದು ಸೇರಿತೋ ತಿಳಿಯದು.

ಮೊದಲನೆಯ ರಾತ್ರಿ ಹಾಲಿಗೆ ಹೆಪ್ಪು ಹಾಕಲು ಹೋದೆನು. ಒಲೆಯಿಂದ ಇಳಿಸಿದ ಹಾಲಿಗೆ ಆರುವ ಮೊದಲೇ, ಇದ್ದ ಮೊಸರನ್ನೆಲ್ಲ ಸುರಿದುಬಿಟ್ಟೆ. ಬೆಳಗ್ಗೆ ನೋಡಿದರೆ ಹಾಲು ಮೊಸರಾಗಿರಲಿಲ್ಲ, ಹಾಲಾಗಿಯೂ ಉಳಿದಿರಲಿಲ್ಲ. ಮೊಸರನ್ನು ಮಾಡುವ ಸೂಕ್ಷ್ಮಜೀವಿಗಳಿಗೆ ಉಗುರುಬೆಚ್ಚಗಿನ ಶಾಖ ಬೇಕು, ಕುದಿಯುವ ಬಿಸಿಯಲ್ಲಿ ಅವು ನಾಶವಾಗುತ್ತವೆ ಎಂಬುದನ್ನು ಶಾಲೆಯ ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದಿದ್ದವನು ನಾನು! ಮುಂದಿನ ಹೆಪ್ಪಿಗೆ ಒಂದು ಹನಿ ಮೊಸರೂ ಮನೆಯಲ್ಲಿ ಇಲ್ಲವಾಯಿತು. ಆಗ ಪಕ್ಕದ ಮನೆಯ ತಮಿಳು ಮಾತಿನ ವೃದ್ಧ ಮುತ್ತೈದೆಯೊಬ್ಬರು ಕಾಂಪೌಂಡಿನ ಗೋಡೆಯ ಮೇಲೆ ಒಂದು ಚಿಕ್ಕ ಬೆಳ್ಳಿಯ ಬಟ್ಟಲಿನಲ್ಲಿ ಹೆಪ್ಪು ಇಟ್ಟು ದೂರ ಸರಿದು ನಿಂತರು. ಅಂದಿನಿಂದ ನಮ್ಮ ಮನೆಯ ಮೊಸರು ಅವರ ಮನೆಯ ಮೊಸರಿನ ಸಂತತಿ. ಈ ಹೆಪ್ಪಿನ ವಿಷಯಕ್ಕೆ ಮುಂದೆ ಪುನಃ ಬರುತ್ತೇನೆ.

ಮಾತೃಶ್ರೀಯವರು ಅಡಿಗೆಮನೆಯ ಹೊಸ್ತಿಲ ಬಳಿ ಮಣೆಯ ಮೇಲೆ ಕುಳಿತು, ಕಟ್ಟು ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ನಮಗೆ ಪಾಠ ಹೇಳಿದರು. ದೋಸೆಗೆ ಮೂರು ಪಾಲು ಅಕ್ಕಿಗೆ ಒಂದು ಪಾಲು ಉದ್ದು. ಬೇಸಗೆಯಲ್ಲಿ ಹಿಟ್ಟು ಬೇಗ ಹುಳಿ ಬರುತ್ತದೆ, ಮಾರ್ಗಶಿರದ ಚಳಿಯಲ್ಲಾದರೆ ಪಾತ್ರೆಯನ್ನು ಕಂಬಳಿಯಲ್ಲಿ ಸುತ್ತಿಡಬೇಕು. ಸಾರಿನ ಪುಡಿಗೆ ಕೊತ್ತಂಬರಿ, ಜೀರಿಗೆ, ಮೆಂತ್ಯಗಳನ್ನು ಒಂದೊಂದನ್ನೂ ಬೇರೆ ಬೇರೆ ಹುರಿಯಬೇಕು. ಒಂದು ಬೇಯುವ ಹೊತ್ತಿಗೆ ಇನ್ನೊಂದು ಕರಿದಾಗುತ್ತದೆ. ಮೆಂತ್ಯದ ಹಿಟ್ಟಿಗೆ ಹುರಿಯುವಾಗ ಮೂಗೇ ಗಡಿಯಾರ, ಕಣ್ಣಲ್ಲ. ಬೆಣ್ಣೆ ಕಾಯಿಸುವಾಗ ಸದ್ದು ನಿಂತಿತೆಂದರೆ ತುಪ್ಪವಾಯಿತೆಂದು ಅರ್ಥ. ನೀರಿನ ಅಂಶ ಹೋಗುವವರೆಗೆ ಮಾತ್ರ ಅದು ಚಟಪಟ ಎನ್ನುತ್ತದೆ. ಅಕ್ಕಿ ತೊಳೆದ ನೀರು ತುಳಸಿಯ ಪಕ್ಕದ ಗಿಡಗಳಿಗೆ. ತರಕಾರಿಯ ಸಿಪ್ಪೆ ಮಣ್ಣಿನ ಮಡಕೆಗೆ, ಮೇಲೆ ಒಂದು ಹಿಡಿ ಒಣ ಎಲೆ. ಎರಡು ಮೂರು ತಿಂಗಳಲ್ಲಿ ಅದೇ ಗೊಬ್ಬರ. ಹರಿದ ಪಂಚೆಯ ಅಂಚನ್ನು ಮಡಿಚಿ ಹೊಲಿಯುವುದು, ತೊಟ್ಟಿಕ್ಕುವ ನಲ್ಲಿಗೆ ಹೊಸ ವಾಷರ್ ಹಾಕುವುದು, ತಿಂಗಳ ಸಾಮಾನಿನ ಪಟ್ಟಿಯನ್ನು ಡಬ್ಬಿಗಳನ್ನು ನೋಡಿದ ಮೇಲೆಯೇ ಬರೆಯುವುದು, ಇವೂ ಆ ಪಾಠದಲ್ಲಿ ಸೇರಿದ್ದವು.

ಇದರಲ್ಲಿ ಸುಖವಿತ್ತೆಂಬುದನ್ನು ಮುಚ್ಚಿಡಲಾರೆ. ಮೊದಲ ಸಲ ಗಟ್ಟಿಯಾಗಿ ಹೆತ್ತ ಮೊಸರನ್ನು ನೋಡಿದಾಗ, ಹಿಂದೆ ಪರೀಕ್ಷೆಯ ಫಲಿತಾಂಶವನ್ನು ನೋಡಿದಾಗ ಆಗದಷ್ಟು ಸಂತೋಷವಾಯಿತು. ಸಾಯಂಕಾಲ ಸಂಧ್ಯಾವಂದನೆ ಮುಗಿಸಿ ತಂದೆ ಮಕ್ಕಳಿಬ್ಬರೂ ಬತ್ತಿ ಹೊಸೆಯುತ್ತ ಕುಳಿತಾಗ, ಅನೇಕ ವರ್ಷಗಳಿಂದ ಆಡದೆ ಉಳಿದಿದ್ದ ಮಾತುಗಳು ತಾವಾಗಿಯೇ ಹೊರಬಂದವು. ಖರ್ಚು ಕಡಿಮೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಬೇಕು ಎಂಬುದೇ ಕಡಿಮೆಯಾಯಿತು. ಮಾಡುವುದು ಎಷ್ಟು ಕಷ್ಟವೆಂದು ತಿಳಿದವನು ಬೇಡುವುದಕ್ಕೆ ಹಿಂಜರಿಯುತ್ತಾನೆ. ಎಲೆಯಲ್ಲಿ ಅನ್ನ ಬಿಡುವ ನನ್ನ ಹಳೆಯ ದುರಭ್ಯಾಸವು ಯಾರ ಉಪದೇಶವೂ ಇಲ್ಲದೆ ಹದಿನೈದೇ ದಿನಗಳಲ್ಲಿ ಬಿಟ್ಟುಹೋಯಿತು.

ಆದರೆ ಸುಖದ ಹಿಂದೆಯೇ ಅಹಂಕಾರವೂ ಬಂದಿತು. ಒಂದು ದಿನ ಸ್ನೇಹಿತರೊಬ್ಬರೊಡನೆ ದೂರವಾಣಿಯಲ್ಲಿ ಮಾತನಾಡುತ್ತ, “ಹಿಂದಿನವರ ಬದುಕೇ ಬದುಕು. ಎಲ್ಲವೂ ಮನೆಯಲ್ಲೇ ಆಗುತ್ತಿತ್ತು, ಯಾರ ಹಂಗೂ ಇರಲಿಲ್ಲ” ಎಂದು ದೊಡ್ಡದಾಗಿ ಹೇಳಿದೆ. ಮಣೆಯ ಮೇಲೆ ಕುಳಿತಿದ್ದ ಮಾತೃಶ್ರೀಯವರು ಕೇಳಿಸಿಕೊಂಡರು. ನಾನು ಫೋನು ಇಟ್ಟ ಮೇಲೆ ಅವರು ಹೇಳಿದ್ದು ಇಷ್ಟು: “ಯಾರ ಹಂಗೂ ಇರಲಿಲ್ಲ ಅಂದೆಯಲ್ಲ, ನನ್ನ ಹಂಗು ಇರಲಿಲ್ಲವೇನೋ? ನಾನು ಈ ಮನೆಗೆ ಬಂದಾಗ ಒಂಬತ್ತು ಜನ. ರುಬ್ಬೋ ಕಲ್ಲು ಒಂದು, ರುಬ್ಬೋ ಕೈಯೂ ಒಂದೇ. ಮಿಕ್ಸಿ ಬಂದ ದಿವಸ ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ. ನೀನು ನಾಲ್ಕು ವಾರ ಮಾಡಿ ಹೊಗಳುತ್ತಾ ಇದ್ದೀಯ. ಮೂವತ್ತು ವರ್ಷ ಮಾಡು, ಆಮೇಲೆ ಹೊಗಳುವೆಯಂತೆ.”

ನನಗೆ ಉತ್ತರ ಹೊಳೆಯಲಿಲ್ಲ. ತೀರ್ಥರೂಪರೂ ತಲೆತಗ್ಗಿಸಿ ಬತ್ತಿ ಹೊಸೆಯುತ್ತಲೇ ಇದ್ದರು. ಈ ಲೇಖನವು ಆ ಮಾತಿಗೆ ನಾನು ತಡವಾಗಿ ಕೊಡುತ್ತಿರುವ ಉತ್ತರವೆಂದು ವಾಚಕರು ಭಾವಿಸಬಹುದು.

ವಿಚಾರಕ್ಕೆ ಬರೋಣ. ಮನೆವಾರ್ತೆಯನ್ನು ಎಲ್ಲರೂ ಕಲಿಯಬೇಕು, ಸರಳವಾಗಿ ಬದುಕಬೇಕು ಎಂಬ ಪಕ್ಷಕ್ಕೆ ಮೂರು ಆಕ್ಷೇಪಗಳು ಒದಗುತ್ತವೆ.

ಮೊದಲನೆಯದು ಅರ್ಥಶಾಸ್ತ್ರದ ಆಕ್ಷೇಪ. ಆಡಂ ಸ್ಮಿತ್ ಎಂಬ ಪಂಡಿತನು 1776ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಗುಂಡುಸೂಜಿ ತಯಾರಿಸುವವರ ದೃಷ್ಟಾಂತವನ್ನು ಕೊಟ್ಟಿದ್ದಾನೆ. ಹತ್ತು ಜನರು ಕೆಲಸವನ್ನು ಹಂಚಿಕೊಂಡರೆ ದಿನಕ್ಕೆ 48,000 ಸೂಜಿಗಳಾಗುತ್ತವೆ. ಒಬ್ಬೊಬ್ಬನೇ ಎಲ್ಲವನ್ನೂ ಮಾಡಹೊರಟರೆ ಇಪ್ಪತ್ತು ಸೂಜಿಯೂ ಆಗಲಾರದು. ಹಾಗಿರುವಲ್ಲಿ, ಹಿಟ್ಟನ್ನು ರುಬ್ಬುವವರು ರುಬ್ಬಲಿ, ನಾವು ನಮ್ಮ ಕೆಲಸವನ್ನು ಮಾಡಿ ಹಣ ಕೊಟ್ಟು ಕೊಳ್ಳೋಣ, ಇದರಲ್ಲಿ ದೋಷವೇನು?

ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ನಮ್ಮ ನೆರೆಯ ತಿಪ್ಪಸಂದ್ರದ ಒಂದು ಚಿಕ್ಕ ಅಡಿಗೆಮನೆಯಲ್ಲಿ 2005ರಲ್ಲಿ ಆರಂಭವಾದ ಐಡಿ ಫ್ರೆಶ್ ಎಂಬ ಉದ್ಯಮವು ಇಂದು ದೋಸೆಯ ಹಿಟ್ಟನ್ನು ದೇಶದ ಅನೇಕ ಪಟ್ಟಣಗಳಿಗೆ ಕಳುಹಿಸುತ್ತಿದೆ. ದುಡಿಯುವ ದಂಪತಿಗಳಿಗೆ ಇಂತಹ ಪೊಟ್ಟಣವು ಉಪಕಾರವೇ ಹೊರತು ಪಾಪವಲ್ಲ. ಮನೆಯಲ್ಲಿ ಮಾಡಿದ್ದೆಲ್ಲವೂ ಅಗ್ಗವೆಂದೂ ಹೇಳಲಾಗುವುದಿಲ್ಲ. ಆದರೆ ಕೊಂಡಾಗ ಶ್ರಮವು ಇಲ್ಲವಾಗುವುದಿಲ್ಲ. ಅದು ನಮ್ಮ ಕಣ್ಣಿನಿಂದ ಮರೆಯಾಗುತ್ತದೆ, ಅಷ್ಟೆ. ಧರ್ಮಶಾಸ್ತ್ರವು ಗೃಹಸ್ಥನಿಗೆ ಐದು ಸೂನಾಸ್ಥಾನಗಳನ್ನು ಹೇಳಿದೆ. ಒಲೆ, ಬೀಸುವ ಕಲ್ಲು, ಪೊರಕೆ, ಒರಳು ಒನಕೆ, ನೀರಿನ ಕೊಡ. ಈ ಐದರಲ್ಲಿ ಪ್ರತಿದಿನ ಅರಿಯದೆ ಪ್ರಾಣಿಹಿಂಸೆಯಾಗುತ್ತದೆ, ಅದರ ಪರಿಹಾರಕ್ಕೆ ಪಂಚಮಹಾಯಜ್ಞಗಳು ವಿಹಿತವಾಗಿವೆ. ಇದರ ತಾತ್ಪರ್ಯವನ್ನು ಯೋಚಿಸಬೇಕು. ಶಾಸ್ತ್ರವು ಹೇಳಿದ ಐದೂ ಸ್ಥಾನಗಳು ಮನೆವಾರ್ತೆಯ ಉಪಕರಣಗಳೇ. ನಾವು ಉಣ್ಣುವ ತುತ್ತಿಗಾಗಿ ಯಾವುದೋ ಜೀವಕ್ಕೆ ನೋವಾಗಿದೆ, ಆ ಋಣವನ್ನು ಒಪ್ಪಿಕೊಂಡು ಉಣ್ಣು ಎಂಬುದೇ ಆ ವಿಧಿಯ ಹೃದಯ. ಇಂದು ಒರಳು ಇನ್ನೊಬ್ಬರ ಕಾರ್ಖಾನೆಯಲ್ಲಿದೆ, ಪೊರಕೆ ಕೆಲಸದಾಕೆಯ ಕೈಯಲ್ಲಿದೆ, ಕೊಡವು ಟ್ಯಾಂಕರಿನ ರೂಪ ತಾಳಿದೆ. ಸ್ಥಾನ ಬದಲಾಯಿತೆಂದು ಋಣ ತೀರಿತೇ? ಒಂದು ಸಲವಾದರೂ ಸ್ವತಃ ರುಬ್ಬಿದವನಿಗೆ, ರುಬ್ಬುವವನಿಗೆ ಕೊಡುವ ಹಣದಲ್ಲಿ ಕೃತಜ್ಞತೆಯೂ ಸೇರಿರಬೇಕೆಂಬುದು ತಿಳಿಯುತ್ತದೆ. ತಿಳಿಯದವನು ಹಣ ಕೊಟ್ಟೊಡನೆ ಸಂಬಂಧ ಮುಗಿಯಿತೆಂದು ಭಾವಿಸುತ್ತಾನೆ.

ನಾವು ವಾಸಿಸುವ ಈ ದಂಡುಪ್ರದೇಶದ ಇತಿಹಾಸವೂ ಇದಕ್ಕೆ ಸಾಕ್ಷಿ. 1809ರಲ್ಲಿ ಆಂಗ್ಲರು ಶ್ರೀರಂಗಪಟ್ಟಣದಿಂದ ದಂಡನ್ನು ಹಲಸೂರಿನ ಬಳಿಗೆ ತಂದು ನೆಲೆಗೊಳಿಸಿದ ಮೇಲೆ, ಬಂಗಲೆಗಳಲ್ಲಿ ಒಬ್ಬ ದೊರೆಗೆ ಅಡಿಗೆಯವನೊಬ್ಬ, ಬಟ್ಲರೊಬ್ಬ, ನೀರು ಹೊರುವ ಭಿಸ್ತಿಯೊಬ್ಬ, ಅಗಸನೊಬ್ಬ, ಮಾಲಿಯೊಬ್ಬ ಎಂಬ ಏರ್ಪಾಡು ಬೆಳೆಯಿತು. ಅಂದು ಬ್ಲ್ಯಾಕ್‌ಪಲ್ಲಿ ಎನಿಸಿಕೊಂಡಿದ್ದ ಇಂದಿನ ಶಿವಾಜಿನಗರದಂತಹ ಪೇಟೆಗಳಲ್ಲಿ ಅಂತಹ ದುಡಿಯುವ ಜನ ನೆಲೆಸಿದರು. ಅವರ ಶ್ರಮವಿಲ್ಲದೆ ಬಂಗಲೆಯಲ್ಲಿ ಒಂದು ದೀಪವೂ ಉರಿಯುತ್ತಿರಲಿಲ್ಲ; ಆದರೂ ಬಂಗಲೆಯವರು ತಮ್ಮನ್ನೇ ಒಡೆಯರೆಂದು ತಿಳಿದಿದ್ದರು. ದಂಡು ಹೋಯಿತು, 1949ರಲ್ಲಿ ದಂಡು ಪೇಟೆಗಳೆರಡೂ ಒಂದೇ ನಗರಸಭೆಯ ಆಡಳಿತಕ್ಕೆ ಸೇರಿದವು. ಆದರೆ ಬಂಗಲೆಯ ಮನೋಭಾವವು ಎರಡು ಕೋಣೆಯ ಫ್ಲಾಟಿನಲ್ಲಿಯೂ ಉಳಿದುಬಂದಿದೆ. ಮೊಬೈಲನ್ನು ಒತ್ತಿದ ಕೆಲವೇ ನಿಮಿಷಗಳಲ್ಲಿ ಕೊತ್ತಂಬರಿಸೊಪ್ಪಿನ ಒಂದು ಕಟ್ಟನ್ನು ಬಾಗಿಲಿಗೆ ತಂದುಕೊಡುವ ತರುಣನ ಮುಖವನ್ನು ನಮ್ಮಲ್ಲಿ ಎಷ್ಟು ಜನ ನೋಡಿದ್ದೇವೆ?

ಎರಡನೆಯದು ನಮ್ಮ ಮಾತೃಶ್ರೀಯವರ ಆಕ್ಷೇಪ. ಇದು ಮೊದಲನೆಯದಕ್ಕಿಂತ ಪ್ರಬಲ. ಹಿಂದಿನ ಸರಳಜೀವನವು ಗಂಡಸರಿಗೆ ಸರಳವಾಗಿದ್ದುದು ಹೆಂಗಸರಿಗೆ ಕಠಿಣವಾಗಿದ್ದುದರಿಂದ. ಮನೆಯೊಂದು ಸ್ವಾವಲಂಬಿಯಾಗಿತ್ತು ಎಂದು ನಾವು ಹೇಳುವಾಗ, ಆ ಮನೆಯೆಲ್ಲವೂ ಒಬ್ಬಳ ಎರಡು ತೋಳುಗಳ ಮೇಲೆ ಅವಲಂಬಿಸಿತ್ತು ಎಂಬುದನ್ನು ಹೇಳುವುದಿಲ್ಲ. ಪುನಃ ಅದೇ ಭಾರವನ್ನು ಅವರ ಮೇಲೆಯೇ ಹೊರಿಸಿ ಅದಕ್ಕೆ ಸಂಪ್ರದಾಯವೆಂದೋ ಸರಳತೆಯೆಂದೋ ಹೆಸರಿಡುವುದಾದರೆ, ಅಂತಹ ಉಪದೇಶವು ಬೇಡವೇ ಬೇಡ.

ಇದಕ್ಕೆ ಸಮಾಧಾನ ಒಂದೇ. ಮನೆವಾರ್ತೆಯು ಮನೆಯವರೆಲ್ಲರ ವಿದ್ಯೆಯಾಗಬೇಕು. ಗಂಡಸಿಗೆ ಇದು ಕೀಳೆಂದು ಯಾರಾದರೂ ಹೇಳಿದರೆ, ನಮಗೆ ಮಾಧ್ವರಿಗೆ ಹೊರಗಿನ ಪ್ರಮಾಣವೇ ಬೇಕಾಗಿಲ್ಲ. ಮುಖ್ಯಪ್ರಾಣನ ದ್ವಿತೀಯಾವತಾರವಾದ ಭೀಮಸೇನನು ವಿರಾಟನ ಅರಮನೆಯಲ್ಲಿ ಒಂದು ವರ್ಷ ಯಾವ ಕೆಲಸದಲ್ಲಿದ್ದನು? ವಲಲನೆಂಬ ಹೆಸರಿನಿಂದ ಪಾಕಶಾಲೆಯಲ್ಲಿ ಸೌಟು ಹಿಡಿದಿದ್ದನು. ಹಿಡಿಂಬ ಬಕರನ್ನು ಕೊಂದ ತೋಳುಗಳು ಅನ್ನದ ಹಂಡೆಯನ್ನು ಇಳಿಸಿದವು. ಅದರಿಂದ ಅವನ ಮಹಿಮೆಗೆ ಕೊರತೆಯಾಗಲಿಲ್ಲ. ರಾಜಸೂಯದಲ್ಲಿ ಅಗ್ರಪೂಜೆಗೆ ಪಾತ್ರನಾದ ಶ್ರೀಕೃಷ್ಣನೇ ಬಂದ ವಿಪ್ರರ ಪಾದಗಳನ್ನು ತೊಳೆಯುವ ಕಾರ್ಯವನ್ನು ವಹಿಸಿಕೊಂಡನೆಂದು ಭಾರತವು ಹೇಳುತ್ತದೆ. ಕಲಿಯುವುದಕ್ಕೆ ವಯಸ್ಸಿನ ನೆಪವೂ ಸಲ್ಲದು. 1927ರಲ್ಲಿ ಅಸ್ವಸ್ಥರಾಗಿ ವಿಶ್ರಾಂತಿಗೆಂದು ನಂದಿಬೆಟ್ಟಕ್ಕೂ ಬೆಂಗಳೂರಿಗೂ ಬಂದಿದ್ದ ಗಾಂಧೀಜಿಯವರು, ತಮ್ಮ 57ನೆಯ ವಯಸ್ಸಿನಲ್ಲಿ, ಹೊಸೂರು ರಸ್ತೆಯಲ್ಲಿದ್ದ ಸರ್ಕಾರದ ಹೈನುಗಾರಿಕೆಯ ಸಂಸ್ಥೆಗೆ ಹೋಗಿ ಗೋಪಾಲನೆಯ ವಿಷಯವನ್ನು ವಿದ್ಯಾರ್ಥಿಯಂತೆ ಕೇಳಿ ತಿಳಿದುಕೊಂಡರು.

ಪಾಂಡವರ ಅಜ್ಞಾತವಾಸದಲ್ಲಿ ಇನ್ನೊಂದು ಸ್ವಾರಸ್ಯವೂ ಅಡಗಿದೆ. ರಾಜ್ಯ, ಕೋಶ, ಸೈನ್ಯಗಳೆಲ್ಲ ಕೈಬಿಟ್ಟ ಮೇಲೆ ಅವರಿಗೆ ಒದಗಿದ್ದು ಕೈಯಲ್ಲಿದ್ದ ವಿದ್ಯೆಗಳು. ಭೀಮನಿಗೆ ಅಡಿಗೆ, ನಕುಲನಿಗೆ ಕುದುರೆಯ ಆರೈಕೆ, ಸಹದೇವನಿಗೆ ಗೋವುಗಳ ಪಾಲನೆ, ಅರ್ಜುನನಿಗೆ ನೃತ್ಯಶಿಕ್ಷಣ, ದ್ರೌಪದೀದೇವಿಗೆ ಕೇಶಾಲಂಕಾರ. ಕಲಿತ ವಿದ್ಯೆಯನ್ನು ದುರ್ಯೋಧನನು ಪಗಡೆಯಲ್ಲಿ ಗೆಲ್ಲಲಾರನು. ಆದರೆ ಇಷ್ಟೆಲ್ಲ ಬಲ್ಲವರಾದರೂ ಅವರು ವಿರಾಟನ ಆಶ್ರಯವನ್ನು ಬೇಡಿದರೆಂಬುದನ್ನು ಗಮನಿಸಬೇಕು. ಇಲ್ಲಿಂದ ಮೂರನೆಯ ಆಕ್ಷೇಪ ಹೊರಡುತ್ತದೆ.

ಶ್ರೀಮದಾಚಾರ್ಯರು ತತ್ತ್ವಸಂಖ್ಯಾನದಲ್ಲಿ ತತ್ತ್ವವನ್ನು ಸ್ವತಂತ್ರವೆಂದೂ ಅಸ್ವತಂತ್ರವೆಂದೂ ಎರಡಾಗಿ ವಿಭಾಗಿಸಿದ್ದಾರೆ. ತನ್ನ ಇರುವಿಕೆ, ಅರಿವು, ಪ್ರವೃತ್ತಿಗಳಲ್ಲಿ ಮತ್ತೊಬ್ಬರ ಅಪೇಕ್ಷೆಯಿಲ್ಲದವನು ಶ್ರೀವಿಷ್ಣುವೊಬ್ಬನೇ. ಉಳಿದುದೆಲ್ಲವೂ ಅವನ ಅಧೀನ. ಹೀಗಿರುವಾಗ ಜೀವನಿಗೆ ಸ್ವಾವಲಂಬನೆಯನ್ನು ವಿಧಿಸುವುದು ಸಿದ್ಧಾಂತಕ್ಕೆ ವಿರುದ್ಧವಲ್ಲವೇ?

ಸ್ವಾವಲಂಬನೆಯೆಂದರೆ ಸ್ವಾತಂತ್ರ್ಯ ಎಂದು ಅರ್ಥಮಾಡಿದರೆ ವಿರೋಧವು ನಿಶ್ಚಿತ. ಹಾಗೆ ಅರ್ಥಮಾಡುವ ಕಾರಣವಿಲ್ಲ. ಜೀವನಿಗೆ ಕರ್ತೃತ್ವವೇ ಇಲ್ಲವೆಂದು ನಮ್ಮ ಸಿದ್ಧಾಂತವು ಹೇಳುವುದಿಲ್ಲ. ಕರ್ತೃತ್ವವುಂಟು, ಅದು ಶ್ರೀಹರಿಯ ಅಧೀನವಾಗಿದೆ ಎಂದು ಹೇಳುತ್ತದೆ. ಇಲ್ಲವಾದರೆ ವಿಧಿನಿಷೇಧಗಳೇ ವ್ಯರ್ಥವಾಗುತ್ತಿದ್ದವು. ಅವನು ಕೊಟ್ಟ ಕೈಯಿಂದ, ಅವನು ಪ್ರೇರಿಸಿದಂತೆ, ನಮ್ಮ ಪಾಲಿನ ಕೆಲಸವನ್ನು ನಾವು ಮಾಡುವುದೇ ಸ್ವಾವಲಂಬನೆ. ಹೀಗೆ ಮಾಡುತ್ತ ಹೋದವನಿಗೆ ತಾನು ಸ್ವತಂತ್ರನೆಂಬ ಭ್ರಮೆ ಬೆಳೆಯುವುದಿಲ್ಲ, ಕರಗುತ್ತದೆ. ಹಣವಿದ್ದವನಿಗೆ ಅಂಗಡಿಯಲ್ಲಿ ನಿಂತಾಗ ತಾನು ಯಾರಿಗೂ ಅಧೀನನಲ್ಲವೆಂದು ತೋರಬಹುದು. ಮೊಸರು ಮಾಡಹೊರಟವನಿಗೆ ಹಾಗೆ ತೋರುವುದಕ್ಕೆ ಅವಕಾಶವೇ ಇಲ್ಲ. ಹಸು ಬೇಕು, ಹುಲ್ಲು ಬೇಕು, ಮಳೆ ಬೇಕು; ಎಲ್ಲ ಇದ್ದರೂ ಹೆಪ್ಪು ಬೇಕು. ಆ ಹೆಪ್ಪನ್ನು ನಿನ್ನೆಯ ಮೊಸರು ಕೊಡಬೇಕು, ಇಲ್ಲವೇ ನೆರೆಮನೆಯವರು ಕೊಡಬೇಕು. ನಮ್ಮ ಮನೆಯ ಮೊಸರು ಎಂದು ನಾವು ಹೇಳುವುದು ಎಷ್ಟು ಕೈಗಳ ಮೊಸರು ಎಂಬುದನ್ನು, ಅದನ್ನು ಕೆಡಿಸಿ ಗೋಡೆಯ ಬಳಿ ಬಟ್ಟಲಿಗೆ ಕಾದು ನಿಂತ ದಿನ ನಾನು ಕಂಡೆ.

ನೀರಿನ ವಿಷಯವೂ ಹೀಗೆಯೇ. 2024ರ ಬೇಸಗೆಯಲ್ಲಿ ಕೃಷ್ಣರಾಜಪುರ, ಮಹದೇವಪುರಗಳ ಕಡೆ ಕೊಳವೆಬಾವಿಗಳು ಬತ್ತಿ, ಬಹುಮಹಡಿಯ ಮನೆಗಳವರು ಟ್ಯಾಂಕರಿಗಾಗಿ ಕಾದು ನಿಂತುದನ್ನು ನಾವೆಲ್ಲರೂ ನೋಡಿದೆವು. ಆ ವರ್ಷದ ಅಕ್ಟೋಬರಿನಲ್ಲಿ ಕಾವೇರಿಯ ಐದನೆಯ ಹಂತದ ನೀರು ಹೊರವಲಯದ 110 ಹಳ್ಳಿಗಳಿಗಾಗಿ ಹರಿಯತೊಡಗಿತು. ಸುಮಾರು 100 ಕಿಲೋಮೀಟರು ದೂರದಿಂದ, ನೂರಾರು ಮೀಟರು ಎತ್ತರಕ್ಕೆ ಏರಿಬರುವ ಆ ನೀರನ್ನು ನಾವು ತಂಬಿಗೆಯಲ್ಲಿ ತುಂಬಿ, ಗಂಗೆ ಯಮುನೆಯರೊಡನೆ ಕಾವೇರಿಯನ್ನೂ ಕರೆದು ಸ್ನಾನಮಾಡುತ್ತೇವೆ. ತಾರಸಿಯ ಮಳೆನೀರನ್ನು ಪೀಪಾಯಿಯಲ್ಲಿ ಹಿಡಿದು, ಪಾತ್ರೆ ತೊಳೆದ ನೀರನ್ನು ಗಿಡಕ್ಕೆ ಹಾಕುವವನು ಕಾವೇರಿಯ ಹಂಗಿನಿಂದ ಬಿಡುಗಡೆ ಹೊಂದುವುದಿಲ್ಲ. ಆದರೆ ಕರೆದ ಹೆಸರಿನ ಬೆಲೆಯನ್ನು ಅವನು ಬಲ್ಲನು.

ಆದ್ದರಿಂದ ಇಷ್ಟು ಸಿದ್ಧವಾಯಿತು. ಮನೆವಾರ್ತೆಯ ವಿದ್ಯೆಯ ಪ್ರಯೋಜನವು ಯಾರ ಹಂಗೂ ಇಲ್ಲದಂತೆ ಬದುಕುವುದಲ್ಲ. ಯಾರ ಯಾರ ಹಂಗಿನಲ್ಲಿ ಬದುಕಿದ್ದೇವೆಂದು ತಿಳಿಯುವುದು, ಮತ್ತು ಆ ಭಾರವನ್ನೆಲ್ಲ ಒಬ್ಬರ ತೋಳಿನ ಮೇಲೆ ಬಿಡದಿರುವುದು. ಸರಳಜೀವನದ ಸುಖವನ್ನು ಹೊಗಳುವ ಅಧಿಕಾರವು ಅದರ ಶ್ರಮದಲ್ಲಿ ಪಾಲು ಹೊತ್ತವನಿಗೆ ಮಾತ್ರ.

ಇಷ್ಟನ್ನು ಬರೆದವನು ತಾನು ನಡೆದುಕೊಂಡ ರೀತಿಯನ್ನೂ ಹೇಳಬೇಕು. ಬಸ್ಸುಗಳು ಪುನಃ ಓಡಲಾರಂಭಿಸಿ ನನ್ನ ಧರ್ಮಪತ್ನಿಯು ಧಾರವಾಡದಿಂದ ಹಿಂತಿರುಗಿದ ಒಂದು ತಿಂಗಳೊಳಗೆ ಸೌಟು ನನ್ನ ಕೈಬಿಟ್ಟು ಅವಳ ಕೈ ಸೇರಿತು. ಅವಳಿಗೂ ಕಛೇರಿಯ ಕೆಲಸವಿತ್ತು. ಯಾರೂ ಏನೂ ಅನ್ನಲಿಲ್ಲ. ಒಂದು ರಾತ್ರಿ ಅವಳು ಪಾತ್ರೆ ಒರೆಸುತ್ತ ಮೆಲ್ಲಗೆ ಕೇಳಿದಳು: “ಅಲ್ರೀ, ಅತ್ತೆಯವರ ಕೈ ಮುರಿದರೆ ಮಾತ್ರ ನಿಮಗೆ ಅಡಿಗೆ ಬರೋದೇನು?” ಮರುದಿನದಿಂದ ಬೆಳಗಿನ ಅಡಿಗೆ ನನ್ನದೆಂದು ನಿಶ್ಚಯವಾಯಿತು. ತೀರ್ಥರೂಪರು ದೇವಸ್ಥಾನದಿಂದ ಬಂದ ಮೇಲೆ ಸಾಯಂಕಾಲದ ತರಕಾರಿ ಹೆಚ್ಚುವುದನ್ನು ತಾವಾಗಿಯೇ ವಹಿಸಿಕೊಂಡರು. ನಡುನಡುವೆ ತಪ್ಪಿದೆ, ಪುನಃ ಹಿಡಿದಿದ್ದೇನೆ. ಮೂವತ್ತು ವರ್ಷದ ಲೆಕ್ಕದಲ್ಲಿ ಇನ್ನೂ ಬಹಳ ಬಾಕಿಯಿದೆ.

ಈ ಚಾತುರ್ಮಾಸ್ಯದಲ್ಲಿ ಪ್ರತಿಯೊಂದು ಮನೆಯವರೂ ಒಂದು ಸಣ್ಣ ಸಂಕಲ್ಪವನ್ನು ಮಾಡಬಹುದು. ಮನೆಯ ಹಿರಿಯರು ವ್ರತದ ಅಡಿಗೆಗಳನ್ನು ಮಾಡುವಾಗ ಪಕ್ಕದಲ್ಲಿ ನಿಂತು, ಅಳತೆಸಹಿತ ಒಂದು ಪುಸ್ತಕದಲ್ಲಿ ಬರೆದುಕೊಳ್ಳುವುದು. ಆಮೇಲೆ ಅವರನ್ನು ಕೂರಿಸಿ, ತಾವು ಮಾಡಿ ತೋರಿಸುವುದು. ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ತಿಂಗಳಿಗೊಂದರಂತೆ ನಾಲ್ಕು ಕೆಲಸಗಳನ್ನು ಕಲಿಸುವುದು: ಅನ್ನ ಸಾರು ಮಾಡುವುದು, ಬತ್ತಿ ಹೊಸೆಯುವುದು, ಬಟ್ಟೆ ಹೊಲಿದುಕೊಳ್ಳುವುದು, ಹಸಿಕಸವನ್ನು ಗೊಬ್ಬರ ಮಾಡುವುದು. ಪೇಟೆಯಿಂದ ತರಲೇಬೇಕಾದುದನ್ನು ತರುವಾಗ ವಾರಕ್ಕೊಮ್ಮೆಯಾದರೂ ಹಲಸೂರು ಮಾರುಕಟ್ಟೆಗೋ ರಸೆಲ್ ಮಾರುಕಟ್ಟೆಗೋ ನಡೆದು ಹೋಗಿ, ಹೊಸಕೋಟೆ ಮಾಲೂರುಗಳ ಕಡೆಯಿಂದ ಬಂದ ಸೊಪ್ಪನ್ನು ಮಾರುವವರ ಮುಖ ನೋಡಿ ಕೊಳ್ಳುವುದು. ಎಲ್ಲರಿಗೂ ಎಲ್ಲವೂ ಸಾಧ್ಯವಾಗದು. ವೃದ್ಧರು, ರೋಗಿಗಳು, ಎಳೆಯ ಮಕ್ಕಳ ತಾಯಂದಿರು ಮಿಕ್ಸಿಯನ್ನೋ ಪೊಟ್ಟಣವನ್ನೋ ಉಪಯೋಗಿಸಿದರೆ ಅವರನ್ನು ಆಕ್ಷೇಪಿಸುವುದು ಅಧರ್ಮವೇ ಆದೀತು.

ನಮ್ಮ ಮಾತೃಶ್ರೀಯವರ ಮಣಿಕಟ್ಟು ಕೂಡಿಕೊಂಡಿತಾದರೂ ಒದ್ದೆ ಬಟ್ಟೆಯನ್ನು ಹಿಂಡುವಷ್ಟು ಬಲ ಅದಕ್ಕೆ ಮರಳಿ ಬರಲಿಲ್ಲ. ಈಗ ಅವರ ಮಡಿಸೀರೆಯನ್ನು ಹಿಂಡಿ ಹರವುವವರು ತೀರ್ಥರೂಪರು. ಇಂದಿಗೂ ಆ ಮಣೆಯ ಮೇಲೆ ಕುಳಿತು ಅವರು ನನ್ನ ಹುಳಿಗೆ ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದನ್ನು ವಾಸನೆಯಿಂದಲೇ ಹೇಳುತ್ತಾರೆ. ಕಳೆದ ತಿಂಗಳು ಪಕ್ಕದ ಮನೆಯ ಆ ಮುತ್ತೈದೆಯ ಮನೆಯಲ್ಲಿ ಹೆಪ್ಪು ಕೆಟ್ಟಿತೆಂದು ಮೊಮ್ಮಗಳು ಬಟ್ಟಲು ಹಿಡಿದು ಬಂದಳು. ಅದೇ ಬೆಳ್ಳಿಯ ಬಟ್ಟಲು. ನಾನು ತುಂಬಿಕೊಟ್ಟೆ. ಅವರದನ್ನೇ ಅವರಿಗೆ ಕೊಟ್ಟೆನೆಂದರೂ ಸರಿಯೇ. ಎಲ್ಲವೂ ಯಾರದೋ ಅವನದನ್ನೇ ಅವನಿಗೆ ಅರ್ಪಿಸುವ ನಮಗೆ ಇದು ಹೊಸ ಮಾತೇನೂ ಅಲ್ಲ.

ಶ್ರೀಕೃಷ್ಣಾರ್ಪಣಮಸ್ತು.